ಕೈಗನ್ನಡಿಯಲ್ಲಿ ಕಂಡದ್ದು

ನಾನು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ 2018ರಲ್ಲಿ ನಿವೃತ್ತಳಾದೆ. ಹುಟ್ಟೂರು ಕುಂದಾಪುರದ ಕಡೆ, ಮನೆ ಡೊಂಬಿವಲಿಯಲ್ಲಿ. 2022ರ ಜೂನ್ ತಿಂಗಳಲ್ಲಿ ನನಗೆ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಸ್ತನದ್ದೇ, ಗರ್ಭಕೋಶದ್ದೇ ಎಂದು ಕೇಳಿದವರಿಗೆ ಮೊದಮೊದಲು "ಹೆಂಗಸರ ಭಾಗದ್ದು" ಎಂದಷ್ಟೇ ಹೇಳಿ ಮಾತು ಮರೆಸುತ್ತಿದ್ದೆ. ಯೋನಿಯ ಬಾಯಿಯ ಹೊರಗೆ ತುಟಿಗಳಂತೆ ಎರಡು ಜೋಡಿ ಮಡಿಕೆಗಳಿವೆಯಷ್ಟೆ. ಅವನ್ನೂ ಅವುಗಳ ಸುತ್ತಲಿನ ಭಾಗವನ್ನೂ ಸೇರಿಸಿ ವೈದ್ಯರು ವಲ್ವಾ ಎನ್ನುತ್ತಾರೆ, ಕನ್ನಡದಲ್ಲಿ ಅದಕ್ಕೆ ಭಗ ಎಂಬ ಹಳೆಯ ಹೆಸರಿದೆ. ನನಗೆ ಬಂದದ್ದು ಭಗದ ಕ್ಯಾನ್ಸರ್. ಗರ್ಭಕಂಠದ ಕ್ಯಾನ್ಸರ್‌ನಷ್ಟು ಇದು ಸಾಮಾನ್ಯವಲ್ಲ, ಆದ್ದರಿಂದ ಇದರ ಬಗ್ಗೆ ಮಾತೂ ಕಡಿಮೆ. ಮಾತು ಕಡಿಮೆಯಾದದ್ದರಿಂದಲೇ ನನ್ನ ಎರಡೂವರೆ ವರ್ಷ ಹಾಳಾಯಿತೆಂದು ನನ್ನ ನಂಬಿಕೆ.

ಮೊದಲು ಶುರುವಾದದ್ದು ತುರಿಕೆ. ಮುಟ್ಟು ನಿಂತು ಹತ್ತು ವರ್ಷವಾಗಿತ್ತು. 2019ರ ಕೊನೆಯಲ್ಲಿ, ಹಗಲು ಹೇಗೋ ಕಳೆದರೂ ರಾತ್ರಿ ಹಾಸಿಗೆಗೆ ಬಿದ್ದೊಡನೆ ಶುರುವಾಗುವ, ನಿದ್ದೆಯಲ್ಲೂ ಕೈ ತಾನಾಗಿ ಅಲ್ಲಿಗೆ ಹೋಗುವಂಥ ತುರಿಕೆ. ನಮ್ಮ ಮನೆ ವೈದ್ಯರ ದವಾಖಾನೆಯಲ್ಲಿ ಮರಾಠಿಯಲ್ಲಿ, ಕೌಂಟರ್‌ನ ಹುಡುಗಿಗೂ ಹೊರಗೆ ಕುಳಿತ ರೋಗಿಗಳಿಗೂ ಕೇಳಿಸದಂತೆ ಧ್ವನಿ ತಗ್ಗಿಸಿ, "ಕೆಳಗೆ ತುರಿಸುತ್ತದೆ" ಎಂದೆ. ಅವರು ಸಕ್ಕರೆ ಪರೀಕ್ಷೆ ಮಾಡಿಸಿದರು, ಸಕ್ಕರೆ ಸರಿಯಾಗಿತ್ತು. ಫಂಗಸ್‌ಗೆ ಹಚ್ಚುವ ಮುಲಾಮು ಬರೆದುಕೊಟ್ಟರು. ಆಮೇಲೆ ಲಾಕ್‌ಡೌನ್ ಬಂತು, ಫೋನಿನಲ್ಲೇ ಮತ್ತೊಂದು ಮುಲಾಮಿನ ಹೆಸರು ಬಂತು. 2021ರಲ್ಲಿ ಹೆಂಗಸರ ವೈದ್ಯೆಯೊಬ್ಬರ ಬಳಿ ಹೋದೆ. ಸ್ಟೀರಾಯ್ಡ್, ಫಂಗಸ್ ಔಷಧ, ಆಂಟಿಬಯೋಟಿಕ್ ಮೂರೂ ಬೆರೆತ ಮುಲಾಮು ಕೊಟ್ಟರು, ವಾರವಿಡೀ ಹಿತವಾಯಿತು, ನಿಲ್ಲಿಸಿದ ಮೇಲೆ ಮತ್ತೆ ಅದೇ. ಅವರಲ್ಲಿ ಒಬ್ಬರೂ ಮೇಜಿನ ಮೇಲೆ ಮಲಗಿಸಿ ದೀಪ ಹಿಡಿದು ನೋಡಲಿಲ್ಲ, ನೋಡಿ ಎಂದು ನಾನೂ ಕೇಳಲಿಲ್ಲ. ನೋಡದಿದ್ದುದು ನನ್ನ ಮರ್ಯಾದೆ ಕಾಯಲಿಕ್ಕೇ ಎಂದು ಆಗ ಒಳಗೊಳಗೇ ಅವರಿಗೆ ಕೃತಜ್ಞಳಾಗಿದ್ದೆ ಎಂಬುದನ್ನು ಇಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2022ರ ಮಾರ್ಚ್ ತಿಂಗಳಲ್ಲಿ ಒಳಲಂಗದ ಮೇಲೆ ರಕ್ತದ ಕಲೆ ಕಂಡಿತು. ಸ್ನಾನ ಮಾಡುವಾಗ ಎಡಗಡೆ ಹುಣಸೆಬೀಜದಷ್ಟು ಗಟ್ಟಿಯಾದದ್ದೊಂದು ಕೈಗೆ ಸಿಕ್ಕಿತು. ಮೂತ್ರ ತಗುಲಿದರೆ ಉರಿ. ಆಗಲೂ ಎರಡು ತಿಂಗಳು ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಬೇವಿನೆಲೆ ಕುದಿಸಿದ ನೀರಿನಲ್ಲಿ ತೊಳೆದುಕೊಂಡು ಕಾದೆ. ಕೊನೆಗೆ ಮೇ ತಿಂಗಳಲ್ಲಿ ಮಗಳು ಮನೆಗೆ ಬಂದಿದ್ದಾಗ, ನಾನು ಸೋಫಾದ ಮೇಲೆ ಒಂದೇ ಮಗ್ಗುಲಿಗೆ ವಾಲಿ ಕೂರುವುದನ್ನು ನೋಡಿ ಅವಳೇ ಬಿಡದೆ ಕೇಳಿದಳು. ಎಲ್ಲವನ್ನೂ ಕೇಳಿಸಿಕೊಂಡು, "ಅಮ್ಮ, ಇಷ್ಟು ವರ್ಷದಲ್ಲಿ ಯಾರಾದರೂ ಅದನ್ನು ನೋಡಿದ್ದಾರಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನವೇ ಠಾಣೆಯ ಸ್ತ್ರೀರೋಗ ತಜ್ಞೆಯೊಬ್ಬರ ಬಳಿ ಕರೆದೊಯ್ದಳು.

ಆ ವೈದ್ಯೆ ನನ್ನನ್ನು ಮಲಗಿಸಿ, ಕಾಲುಗಳನ್ನು ಎತ್ತರಿಸಿ, ದೀಪ ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದರು. ತೊಡೆಸಂದುಗಳೆರಡನ್ನೂ ಬೆರಳ ತುದಿಯಿಂದ ಒತ್ತಿ ಗಂಟುಗಳಿವೆಯೇ ಎಂದು ಹುಡುಕಿದರು. ಬಳಿಕ ಒಂದು ಪುಟ್ಟ ಕೈಗನ್ನಡಿಯನ್ನು ನನ್ನ ಕೈಗಿತ್ತು, "ನೀವೂ ನೋಡಿ, ಇದು ನಿಮ್ಮದೇ ಶರೀರ" ಎಂದರು. ಅರುವತ್ತೆರಡನೆಯ ವಯಸ್ಸಿನಲ್ಲಿ, ಇಬ್ಬರು ಮಕ್ಕಳನ್ನು ಹೆತ್ತ ಮೇಲೆ, ಆ ಜಾಗವನ್ನು ನಾನು ಮೊದಲ ಸಲ ನೋಡಿದೆ. ಚರ್ಮ ಬೆಳ್ಳಗಾಗಿ, ಈರುಳ್ಳಿಯ ಪದರಗಳ ನಡುವಿನ ತೆಳು ಪೊರೆಯಂತೆ ಹೊಳೆಯುತ್ತ ಸುಕ್ಕುಗಟ್ಟಿತ್ತು. ಒಳತುಟಿಗಳು ಹೊರತುಟಿಗೆ ಅಂಟಿಕೊಂಡು ಹೆಚ್ಚುಕಡಿಮೆ ಮಾಯವಾಗಿದ್ದವು. ಎಡ ಹೊರತುಟಿಯ ಮೇಲೆ ಅಂಚು ಎದ್ದುನಿಂತ, ನಡುವೆ ಹಸಿಯಾಗಿ ಕೆಂಪಾಗಿದ್ದ ಒಂದು ಹುಣ್ಣು.

ಬಿಳಿಯ ಚರ್ಮಕ್ಕೆ ಲೈಕನ್ ಸ್ಕ್ಲೆರೋಸಸ್ ಎಂದು ಹೆಸರು. ಅಂಟುರೋಗವಲ್ಲ, ಕೊಳಕಿನಿಂದ ಬರುವುದೂ ಅಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ಅದು ಇದ್ದವರಲ್ಲಿ ಕ್ಯಾನ್ಸರ್ ಆಗುವುದು ನೂರಕ್ಕೆ ಐದು ಮಂದಿಗಿಂತಲೂ ಕಡಿಮೆ ಜನರಿಗೆ, ಹಾಗೂ ಕ್ಲೋಬೆಟಸಾಲ್ ಎಂಬ ಬಲವಾದ ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಹೇಳಿದ ಕ್ರಮದಲ್ಲಿ ಬಿಡದೆ ಹಚ್ಚುತ್ತಿದ್ದರೆ ಆ ಅಪಾಯ ಇನ್ನೂ ತಗ್ಗುತ್ತದೆ. ಅಂದರೆ 2019ರಲ್ಲಿ ಒಂದು ಸಲ ಯಾರಾದರೂ ನೋಡಿದ್ದರೆ ಮುಲಾಮಿನಿಂದಲೇ ತಡೆಯಬಹುದಾಗಿದ್ದ ಸಂಗತಿ ಇದು. ಇದನ್ನು ಕೇಳಿದ ದಿನ ನನಗಾದ ದುಃಖ, ಕ್ಯಾನ್ಸರ್ ಎಂದು ಕೇಳಿದ ದಿನದ ದುಃಖಕ್ಕಿಂತ ದೊಡ್ಡದು.

ಹುಣ್ಣಿನಿಂದ ಚೂರು ತೆಗೆದು ಪರೀಕ್ಷೆಗೆ ಕಳುಹಿಸದೆ ಏನನ್ನೂ ಹೇಳಲಾಗದು ಎಂದರು. ಆ ಚೂರು ತೆಗೆಯುವ ಉಪಕರಣ ಪೆನ್ನಿನಷ್ಟಿತ್ತು, ತುದಿಯಲ್ಲಿ ನಾಲ್ಕು ಮಿಲಿಮೀಟರ್ ಅಗಲದ ಉಂಗುರದಂಥ ಅಲಗು. ಮರಗಟ್ಟಿಸುವ ಸೂಜಿ ಚುಚ್ಚಿದಾಗ ಎರಡು ಕ್ಷಣ ಪ್ರಾಣ ಹೋದಂತಾಯಿತು, ಆಮೇಲೆ ಅವರು ಉಪಕರಣವನ್ನು ತಿರುವಿದ್ದೂ ಗೊತ್ತಾಗಲಿಲ್ಲ. ಹುಣ್ಣಿನ ನಡುವಿನಿಂದ ತೆಗೆದರೆ ಸತ್ತ ಅಂಗಾಂಶವೇ ಬರಬಹುದು, ಆದ್ದರಿಂದ ಅಂಚಿನಿಂದ ತೆಗೆಯಬೇಕು ಎಂದು ಮಾಡುತ್ತಲೇ ವಿವರಿಸಿದರು. ಒಂದು ಹೊಲಿಗೆ, ಹತ್ತಿ, ಮನೆಗೆ. ಎಂಟು ದಿನಕ್ಕೆ ವರದಿ ಬಂತು: ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಭಗದ ಕ್ಯಾನ್ಸರ್‌ಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಈ ಬಗೆಯವೇ, ಚರ್ಮದ ಮೇಲ್ಪದರದ ಜೀವಕೋಶಗಳಿಂದ ಹುಟ್ಟುವಂಥವು.

ಇಲ್ಲಿ ಮನೆಯೊಳಗಿನ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳುತ್ತೇನೆ. ನಮ್ಮವರು ಮಾತುಂಗದ ಹೋಟೆಲೊಂದರಲ್ಲಿ ಬಹುಕಾಲ ಗಲ್ಲಾದಲ್ಲಿ ಕುಳಿತವರು, ಮಾತು ಕಡಿಮೆ. ವರದಿ ಬಂದ ರಾತ್ರಿ ಅವರು, "ಇದು ನನ್ನಿಂದ ಬಂದದ್ದೋ?" ಎಂದು ಕೇಳಿದರು. ಈ ಕ್ಯಾನ್ಸರ್ ಎರಡು ದಾರಿಗಳಿಂದ ಬರುತ್ತದೆ: ಒಂದು ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್‌ನಿಂದ, ಅದು ತುಸು ಕಡಿಮೆ ವಯಸ್ಸಿನವರಲ್ಲಿ ಹೆಚ್ಚು, ಇನ್ನೊಂದು ಲೈಕನ್ ಸ್ಕ್ಲೆರೋಸಸ್‌ನಂಥ ಚರ್ಮದ ಕಾಯಿಲೆ ಬಹುಕಾಲ ಉಳಿದು ಕೆಡುವುದರಿಂದ, ಅದು ವಯಸ್ಸಾದವರಲ್ಲಿ. ಚೂರಿನ ಮೇಲೆ ಪಿ16 ಎಂಬ ಬಣ್ಣದ ಪರೀಕ್ಷೆ ಮಾಡಿದ್ದರು, ನನ್ನದು ವೈರಸ್ಸಿನ ದಾರಿಯದಲ್ಲ ಎಂದಿತ್ತು. ಅದನ್ನು ಅವರಿಗೆ ಓದಿ ಹೇಳಿದೆ. ವೈರಸ್ಸಿನಿಂದಲೇ ಬಂದಿದ್ದರೂ ಅದರಲ್ಲಿ ಯಾರ ತಪ್ಪೂ ಇರುತ್ತಿರಲಿಲ್ಲ, ಬಾಳಿನಲ್ಲಿ ಒಮ್ಮೆಯಾದರೂ ಅದು ತಗುಲದ ಜನ ಕಡಿಮೆ ಎಂಬುದನ್ನೂ ಹೇಳಿದೆ. ಅವರು ಏಳು ದಿನದಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡರು.

ಚಿಕಿತ್ಸೆ ನಡೆದದ್ದು ಪರೇಲ್‌ನಲ್ಲಿ. 1941ರಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಯಿಂದಾಗಿ ಆ ಬೀದಿಗಳಲ್ಲಿ ಭಾರತದ ಎಲ್ಲ ಭಾಷೆಗಳೂ ಕೇಳಿಸುತ್ತವೆ, ಕಾಲುದಾರಿಯ ಮೇಲೆ ಕಡತ ಎದೆಗವಚಿಕೊಂಡು ಕುಳಿತವರ ಸಾಲು ಇರುತ್ತದೆ. ಎಮ್‌ಆರ್‌ಐ ಮಾಡಿಸಿದರು, ಗಡ್ಡೆ 2.6 ಸೆಂಟಿಮೀಟರ್, ಎಡಗಡೆಗೆ ಸೀಮಿತ, ಮೂತ್ರದ್ವಾರಕ್ಕಾಗಲಿ ಗುದದ್ವಾರಕ್ಕಾಗಲಿ ಹಬ್ಬಿಲ್ಲ, ತೊಡೆಸಂದಿನ ಗ್ರಂಥಿಗಳು ದೊಡ್ಡದಾಗಿಲ್ಲ. ಸದ್ಯಕ್ಕೆ ಮೊದಲನೇ ಹಂತದ ಬಿ ಎಂದರು. ಎರಡು ಸೆಂಟಿಮೀಟರ್ ಒಳಗಿದ್ದು ಒಂದು ಮಿಲಿಮೀಟರಿಗಿಂತ ಆಳಕ್ಕೆ ಇಳಿಯದಿದ್ದರೆ ಅದು ಒಂದನೇ ಎ, ಆಗ ಗ್ರಂಥಿಗಳನ್ನು ಮುಟ್ಟುವ ಅಗತ್ಯವೇ ಇರುವುದಿಲ್ಲ. ನನ್ನದು ಆ ಗೆರೆಯನ್ನು ದಾಟಿತ್ತು.

ಈ ಕಾಯಿಲೆಯಲ್ಲಿ ಮುಂದಿನ ದಾರಿಯನ್ನು ನಿರ್ಧರಿಸುವುದು ಗಡ್ಡೆಗಿಂತ ಹೆಚ್ಚಾಗಿ ತೊಡೆಸಂದಿನ ದುಗ್ಧಗ್ರಂಥಿಗಳು (ಲಿಂಫ್ ನೋಡ್‌ಗಳು), ಕ್ಯಾನ್ಸರ್ ಮೊದಲು ಹರಡುವುದು ಅಲ್ಲಿಗೆ. ಹಿಂದಿನ ಕಾಲದಲ್ಲಿ ಭಗವನ್ನೂ ಎರಡೂ ತೊಡೆಸಂದುಗಳನ್ನೂ ಒಂದೇ ತುಂಡಾಗಿ ಕೊಯ್ದು ತೆಗೆಯುತ್ತಿದ್ದರಂತೆ. ಗಾಯ ಒಡೆದು ತಿಂಗಳುಗಟ್ಟಲೆ ಮಲಗಬೇಕಾಗುತ್ತಿತ್ತು, ಕಾಲುಗಳು ಆನೆಕಾಲಿನಂತೆ ಊದುತ್ತಿದ್ದವು. ಬರಬರುತ್ತ ಮೂರು ಪ್ರತ್ಯೇಕ ಗಾಯಗಳ ಪದ್ಧತಿ ಬಂತು. ಈಗ ಗಡ್ಡೆ ಒಂದೇ ಇದ್ದು ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ, ಗಡ್ಡೆಯಿಂದ ಹರಿಯುವ ರಸ ಮೊದಲು ಸೇರುವ ಗ್ರಂಥಿಯನ್ನು ಮಾತ್ರ ತೆಗೆದು ನೋಡಬಹುದು. ಅದಕ್ಕೆ ಕಾವಲು ಗ್ರಂಥಿ ಎಂಬ ಅರ್ಥದ ಹೆಸರಿದೆ. ಡಚ್ ವೈದ್ಯರ ಮುಂದಾಳತ್ವದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಗಡ್ಡೆಯಿದ್ದು ಕಾವಲು ಗ್ರಂಥಿ ಶುದ್ಧವಾಗಿದ್ದ 259 ಮಂದಿಯಲ್ಲಿ ಆರು ಮಂದಿಗೆ ಮಾತ್ರ ತೊಡೆಸಂದಿನಲ್ಲಿ ಕಾಯಿಲೆ ಮರಳಿತ್ತೆಂದು ನನ್ನ ಶಸ್ತ್ರಚಿಕಿತ್ಸಕರು ಹೇಳಿದಾಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೇಳಿಕೊಡುವವಳಾಗಿ ಬದುಕಿದ ನನಗೆ, ಬರೆದುಕೊಳ್ಳದೆ ಯಾವುದೂ ಅರ್ಥವಾಗುವುದಿಲ್ಲ.

ಜುಲೈ ತಿಂಗಳ ಜಡಿಮಳೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದಕ್ಕೂ ಮುಂಚೆ ಗಡ್ಡೆಯ ಸುತ್ತ ನಾಲ್ಕು ಕಡೆ ಟೆಕ್ನೀಷಿಯಂ ಎಂಬ ವಿಕಿರಣದ ದ್ರವವನ್ನು ಚುಚ್ಚಿದರು. ನಿಜ ಹೇಳಬೇಕೆಂದರೆ ಇಡೀ ಚಿಕಿತ್ಸೆಯಲ್ಲಿ ನಾನು ಅತ್ತದ್ದು ಆ ನಾಲ್ಕು ಚುಚ್ಚುಗಳಿಗೆ. ಆಮೇಲೆ ಕ್ಯಾಮೆರಾದ ಕೆಳಗೆ ಮಲಗಿಸಿ ಎಡ ತೊಡೆಸಂದಿನಲ್ಲಿ ಬೆಳಗಿದ ಚುಕ್ಕೆಗೆ ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ಅರಿವಳಿಕೆ ಕೊಟ್ಟ ಮೇಲೆ ನೀಲಿ ಬಣ್ಣವನ್ನೂ ಚುಚ್ಚಿದ್ದರೆಂದು ಗೊತ್ತಾದದ್ದು, ಮೂತ್ರದ ಚೀಲ ಮಾರನೆಯ ದಿನ ಹಸಿರು ನೀಲಿಯಾಗಿದ್ದನ್ನು ಕಂಡು ನಾನು ಗಾಬರಿಯಿಂದ ದಾದಿಯನ್ನು ಕರೆದಾಗ. ಗಡ್ಡೆಯನ್ನು ಸುತ್ತಲಿನ ಆರೋಗ್ಯವಂತ ಚರ್ಮದ ಅಂಚಿನ ಸಮೇತ ತೆಗೆದು ನೇರವಾಗಿ ಹೊಲಿದಿದ್ದರು. ಗಡ್ಡೆ ನಡುಗೆರೆಯಿಂದ ದೂರವಿದ್ದುದರಿಂದ ಬಲ ತೊಡೆಸಂದನ್ನು ಮುಟ್ಟಿರಲಿಲ್ಲ. ಹತ್ತನೆಯ ದಿನ ಹೊಲಿಗೆಯ ಕೆಳತುದಿ ಎರಡು ಬೆರಳಗಲ ಬಾಯಿಬಿಟ್ಟಿತು. ಆ ಜಾಗದಲ್ಲಿ ಹೀಗಾಗುವುದು ಸಾಮಾನ್ಯ, ಒಳಗಿನಿಂದ ತಾನೇ ತುಂಬಿಕೊಂಡು ಬರಬೇಕು ಎಂದರು. ತುಂಬಿಕೊಳ್ಳಲು ಐದು ವಾರ ಹಿಡಿಯಿತು. ಮೂತ್ರ ಮಾಡುವಾಗಲೆಲ್ಲ ಚೊಂಬಿನಿಂದ ಉಗುರುಬೆಚ್ಚಗಿನ ನೀರು ಹೊಯ್ದುಕೊಳ್ಳುತ್ತ, ಮೆತ್ತನೆಯ ಹಳೆಯ ಹತ್ತಿ ಸೀರೆಯ ಚೂರುಗಳಿಂದ ಒತ್ತಿ ಒರೆಸಿಕೊಳ್ಳುತ್ತ ಕಳೆದ ವಾರಗಳು ಅವು. ಸೊಸೆ ಒಂದು ದಿನವೂ ಮುಖ ಸಿಂಡರಿಸದೆ ಗಾಯಕ್ಕೆ ಬ್ಯಾಟರಿ ಹಿಡಿದು ನೋಡಿ, ಎಷ್ಟು ತುಂಬಿದೆ ಎಂದು ಹೇಳುತ್ತಿದ್ದಳು.

ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿ ಕಲಬುರಗಿ ಕಡೆಯ ಹೆಂಗಸೊಬ್ಬರಿದ್ದರು, ನನಗಿಂತ ಹತ್ತು ವರ್ಷ ಚಿಕ್ಕವರು. ಅವರ ಗಡ್ಡೆ ದೊಡ್ಡದಾಗಿದ್ದು ನಡುಗೆರೆಗೆ ತಾಗಿದ್ದರಿಂದ ಎರಡೂ ಕಡೆಯ ಗ್ರಂಥಿಗಳನ್ನು ತೆಗೆದಿದ್ದರು. ಅವರಿಗೆ ಹಿಂದಿಯೂ ಬಾರದು, ಮರಾಠಿಯೂ ಬಾರದು. ನಾನು ಶಾಲೆಯಲ್ಲಿದ್ದವಳೆಂದು ತಿಳಿದ ಮೇಲೆ, "ಅಕ್ಕೋರ, ಡಾಕ್ಟರ್ ಬಾಯಿ ಏನಂದ್ರು, ಸ್ವಲ್ಪ ಬಿಡಿಸಿ ಹೇಳ್ರಿ" ಎನ್ನುತ್ತಿದ್ದರು. ಅವರ ತೊಡೆಸಂದುಗಳಿಂದ ಎರಡು ನಳಿಗೆಗಳು ಹೊರಬಂದು ಎರಡು ಬಾಟಲಿಗಳಿಗೆ ಸೇರಿದ್ದವು. ದಿನಾ ಬೆಳಿಗ್ಗೆ ಅದರಲ್ಲಿ ಕೂಡಿದ ರಸವನ್ನು ಅಳೆದು ಬರೆದಿಡಬೇಕು, ಅದು ಸಾಕಷ್ಟು ಇಳಿದ ಮೇಲೆಯೇ ನಳಿಗೆ ತೆಗೆಯುವುದು. ಅವರ ನಾದಿನಿಗೆ ಮಿಲಿಲೀಟರ್ ಗೆರೆಗಳನ್ನು ಓದಲು ಕಲಿಸಿದೆ. ಒಂದು ಸಂಜೆ ಶಸ್ತ್ರಚಿಕಿತ್ಸೆಯ ಕಾಗದವನ್ನು ಕನ್ನಡದಲ್ಲಿ ಹೇಳುತ್ತ ಭಗ, ಭಗೋಷ್ಠ, ದುಗ್ಧಗ್ರಂಥಿ ಎಂದು ಒಂದೊಂದಾಗಿ ವಿವರಿಸಿದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅದಕ್ಕೂ ಹೆಸರ ಐತೇನ್ರಿ ಅಕ್ಕೋರ?" ಎಂದರು. ಶರೀರದ ಭಾಗಗಳ ಪಟವನ್ನು ಗೋಡೆಗೆ ತೂಗುಹಾಕಿ ಅಷ್ಟು ವರ್ಷ ಪಾಠ ಮಾಡಿದ ನಾನು ಒಮ್ಮೆಯೂ ಆ ಹೆಸರನ್ನು ಉಚ್ಚರಿಸಿರಲಿಲ್ಲ.

ಮೂರು ವಾರಕ್ಕೆ ಅಂತಿಮ ವರದಿ. ಗಡ್ಡೆಯ ಅಂಚುಗಳು ಶುದ್ಧವಾಗಿದ್ದವು. ಆಳ ನಾಲ್ಕು ಮಿಲಿಮೀಟರ್. ಆದರೆ ಕಾವಲು ಗ್ರಂಥಿಯನ್ನು ತೆಳು ತೆಳುವಾಗಿ ಕತ್ತರಿಸಿ ನೋಡಿದಾಗ ಒಂದೂವರೆ ಮಿಲಿಮೀಟರ್‌ನಷ್ಟು ಕ್ಯಾನ್ಸರ್ ಕಂಡಿತ್ತು. ಅಷ್ಟರಿಂದ ನಾನು ಒಂದನೇ ಹಂತದಿಂದ ನೇರವಾಗಿ ಮೂರನೇ ಹಂತದ ಎ ವಿಭಾಗಕ್ಕೆ ಹೋದೆ. 2021ರಲ್ಲಿ ಪರಿಷ್ಕರಿಸಿದ ಹಂತಗಳ ಪಟ್ಟಿಯಲ್ಲಿ ಗ್ರಂಥಿಯೊಳಗೆ ಐದು ಮಿಲಿಮೀಟರ್‌ವರೆಗಿನ ಕಾಯಿಲೆಗೆ ಅದೇ ಸ್ಥಾನ. ಮೂರನೇ ಹಂತ ಎಂಬ ಮಾತು ಕೇಳಿ ಮಗಳು ಕುರ್ಚಿಯಲ್ಲಿ ಕುಸಿದಳು. ವೈದ್ಯರು ಅವಸರಪಡಲಿಲ್ಲ. ಕಾವಲು ಗ್ರಂಥಿಯಲ್ಲಿ ಎರಡು ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಕಾಯಿಲೆಯಿದ್ದವರಿಗೆ ಉಳಿದ ಗ್ರಂಥಿಗಳನ್ನು ತೆಗೆಯದೆ ವಿಕಿರಣವನ್ನಷ್ಟೇ ಕೊಟ್ಟು ನೋಡಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಗಿದೆ, ಹಾಗೆ ವಿಕಿರಣ ಪಡೆದ 126 ಮಂದಿಯಲ್ಲಿ ಎರಡು ವರ್ಷದೊಳಗೆ ತೊಡೆಸಂದಿನಲ್ಲಿ ಮಾತ್ರ ಕಾಯಿಲೆ ಮರಳಿದ್ದು ಶೇಕಡಾ 1.6 ಮಂದಿಗೆ ಎಂದರು. ಎರಡು ಮಿಲಿಮೀಟರಿಗಿಂತ ದೊಡ್ಡದಿದ್ದವರಲ್ಲಿ ವಿಕಿರಣವೊಂದೇ ಸಾಲಲಿಲ್ಲ, ಶೇಕಡಾ 22ರಷ್ಟು ಮಂದಿಗೆ ಮರಳಿತ್ತು. ಅವರಿಗೆ ಶಸ್ತ್ರಚಿಕಿತ್ಸೆಯೇ ಬೇಕು. ಅರ್ಧ ಮಿಲಿಮೀಟರ್ ಅಂತರದಲ್ಲಿ ನಾನು ಇನ್ನೊಂದು ದೊಡ್ಡ ಗಾಯದಿಂದ ಪಾರಾಗಿದ್ದೆ.

ವಿಕಿರಣ ಚಿಕಿತ್ಸೆ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಸೋಮವಾರದಿಂದ ಶುಕ್ರವಾರ, ಒಟ್ಟು ಇಪ್ಪತ್ತೈದು ಸಲ, ವಿಕಿರಣದ ಅಳತೆಯಲ್ಲಿ 50 ಗ್ರೇ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್‌ನಲ್ಲಿ ದಾದರ್, ಅಲ್ಲಿಂದ ಸ್ಲೋ ಹಿಡಿದು ಪರೇಲ್. ಮೊದಲ ಎರಡು ವಾರ ಏನೂ ಅನ್ನಿಸಲಿಲ್ಲ. ಮೂರನೆಯ ವಾರದಿಂದ ತೊಡೆಸಂದಿನ ಚರ್ಮ ಕೆಂಡಸಂಪಿಗೆಯ ಬಣ್ಣಕ್ಕೆ ತಿರುಗಿ, ಐದನೆಯ ವಾರ ಸುಲಿದು ನೀರೊಸರತೊಡಗಿತು. ಒಳ ಉಡುಪು ಬಿಟ್ಟು ಅಗಲವಾದ ಲಂಗದ ಮೇಲೆ ಸಡಿಲ ಚೂಡಿದಾರದ ಅಂಗಿ ಹಾಕಿಕೊಂಡು ಹೋಗುತ್ತಿದ್ದೆ. ಹೆಂಗಸರ ಡಬ್ಬಿಯಲ್ಲಿ ಸೀಟಿದ್ದರೂ ಕೂರಲಾಗದೆ ಬಾಗಿಲ ಪಕ್ಕದ ಕಂಬ ಹಿಡಿದು ನಿಂತಿರುತ್ತಿದ್ದೆ. ದಿನಾ ಅದೇ ಗಾಡಿಯಲ್ಲಿ ಬರುವ ಮೀನುಗಾರ್ತಿಯೊಬ್ಬಳು ಮೂರನೆಯ ವಾರ ಏನನ್ನೂ ಕೇಳದೆ ತನ್ನ ಬುಟ್ಟಿಯನ್ನು ಸರಿಸಿ ನನಗೆ ಬೆನ್ನು ಆನಿಸಲು ಜಾಗ ಮಾಡಿಕೊಟ್ಟಳು. ಕೊನೆಯ ದಿನದವರೆಗೂ ಆ ಜಾಗ ನನಗಾಗಿ ಇರುತ್ತಿತ್ತು.

ಈಗ ಮುಂದೇನು ಎಂಬ ಪ್ರಶ್ನೆ. ಸಮಾಧಾನದ ಮಾತು ಬೇಡ, ಲೆಕ್ಕ ಹೇಳಿ ಎಂದು ನಾನೇ ಕೇಳಿದ್ದೆ. ಮೊದಲು ಹೇಳಿದ ಆ ಡಚ್ ಅಧ್ಯಯನದವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗ, ಕಾವಲು ಗ್ರಂಥಿ ಶುದ್ಧವಿದ್ದವರಲ್ಲಿ ನೂರಕ್ಕೆ 91 ಮಂದಿ ಈ ಕಾಯಿಲೆಯಿಂದ ಸಾಯದೆ ಉಳಿದಿದ್ದರು. ಗ್ರಂಥಿಯಲ್ಲಿ ಕಾಯಿಲೆ ಕಂಡವರಲ್ಲಿ ನೂರಕ್ಕೆ 65. ನಾನು ಎರಡನೆಯ ಗುಂಪಿನವಳು, ಆದರೆ ಅದರೊಳಗೆ ಅತಿ ಕಡಿಮೆ ಕಾಯಿಲೆಯಿದ್ದವಳು. ಇನ್ನೊಂದು ಲೆಕ್ಕ ಹೆಚ್ಚು ಜನರಿಗೆ ಗೊತ್ತಿಲ್ಲ: ಭಗದ ಜಾಗದಲ್ಲೇ ಕಾಯಿಲೆ ಮರಳುವುದು ಹತ್ತು ವರ್ಷದಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಗೆ. ಐದು ವರ್ಷ ಕಳೆದರೆ ಗೆದ್ದಂತೆ ಎಂಬ ಮಾತು ಇದಕ್ಕೆ ಹೊಂದುವುದಿಲ್ಲ. ಚಿಕ್ಕದಾಗಿರುವಾಗಲೇ ಕಂಡುಹಿಡಿದರೆ ಮತ್ತೆ ಕೊಯ್ದು ತೆಗೆದು ಗುಣಪಡಿಸಬಹುದು, ಆದ್ದರಿಂದ ತಪಾಸಣೆ ಬಾಳಿನುದ್ದಕ್ಕೂ ಇರುತ್ತದೆ. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಹೋದೆ, ಆಮೇಲೆ ಆರು ತಿಂಗಳಿಗೊಮ್ಮೆ. ಮನೆಯಲ್ಲಿ ಪ್ರತಿ ತಿಂಗಳ ಒಂದನೆಯ ತಾರೀಖು ಸ್ನಾನದ ನಂತರ ಕೈಗನ್ನಡಿ ಹಿಡಿದು ನಾನೇ ನೋಡಿಕೊಳ್ಳುತ್ತೇನೆ.

ಉಳಿದುಹೋದ ತೊಂದರೆಗಳೂ ಇವೆ. ಮೂತ್ರ ನೇರವಾಗಿ ಬೀಳದೆ ಚದುರುತ್ತದೆ. ಎಡಗಾಲು ಸಂಜೆಯ ಹೊತ್ತಿಗೆ ತುಸು ಭಾರವಾಗುತ್ತದೆ, ಬೆಳಿಗ್ಗೆ ಎದ್ದೊಡನೆ ಬಿಗಿಯಾದ ಕಾಲುಚೀಲ ಹಾಕಿಕೊಂಡರೆ ಸಹಿಸಬಹುದು. ಕಲಬುರಗಿಯವರಿಗೆ ಎರಡೂ ಕಾಲು ಊದಿವೆ. ಅವರು ಟೇಪಿನಿಂದ ಮೀನಖಂಡದ ಸುತ್ತಳತೆ ಅಳೆದು ತಿಂಗಳಿಗೊಮ್ಮೆ ಫೋನಿನಲ್ಲಿ ನನಗೆ ಹೇಳುತ್ತಾರೆ, ನಾನು ಬರೆದಿಟ್ಟುಕೊಳ್ಳುತ್ತೇನೆ. ಹನ್ನೆರಡು ವರ್ಷದ ಮೊಮ್ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದ್ದೇವೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿ 2023ರ ಜನವರಿಯಲ್ಲಿ ಬಿಡುಗಡೆ ಮಾಡಿದ ಲಸಿಕೆ. ನನಗೆ ಬಂದ ಬಗೆಯನ್ನು ಅದು ತಡೆಯದು, ವೈರಸ್ಸಿನ ದಾರಿಯದನ್ನು ತಡೆಯಬಲ್ಲುದು. ಅವಳ ಅಮ್ಮ ಅವಳಿಗೆ ಶರೀರದ ಎಲ್ಲ ಭಾಗಗಳ ಹೆಸರನ್ನೂ ಕಲಿಸಿದ್ದಾಳೆ.

2025ರ ಜೂನ್ ತಪಾಸಣೆಗೆ ಹತ್ತು ದಿನ ಮುಂಚೆ ಕನ್ನಡಿಯಲ್ಲಿ ಬಲಗಡೆ ಅಕ್ಕಿಕಾಳಿನಷ್ಟು ಬಿಳಿ ಗಟ್ಟಿ ಚರ್ಮ ಕಂಡಿತು. ದಿನಕ್ಕೆ ಕಾಯದೆ ಮರುದಿನವೇ ಹೋಗಿ ತೋರಿಸಿದೆ. ಅದೇ ಪೆನ್ನಿನಂಥ ಉಪಕರಣ, ಅದೇ ಸೂಜಿ, ಒಂದು ಹೊಲಿಗೆ. ವರದಿ ಬರುವವರೆಗಿನ ಒಂಬತ್ತು ದಿನಗಳಲ್ಲಿ ನಮ್ಮವರು ಬೆಳಗಿನ ಚಹಾವನ್ನು ತಾವೇ ಮಾಡಿದರು. ಲೈಕನ್ ಸ್ಕ್ಲೆರೋಸಸ್ ಮಾತ್ರ, ಕ್ಯಾನ್ಸರ್ ಇಲ್ಲ, ಕ್ಯಾನ್ಸರ್‌ಗೆ ತಿರುಗುವ ಲಕ್ಷಣವೂ ಇಲ್ಲ ಎಂದು ಬಂತು. ವಾರಕ್ಕೆ ಎರಡು ಸಲ ಹಚ್ಚುತ್ತಿದ್ದ ಮುಲಾಮನ್ನು ಒಂದು ತಿಂಗಳ ಕಾಲ ಪ್ರತಿ ರಾತ್ರಿ ಹಚ್ಚಲು ಹೇಳಿ, ಆರು ತಿಂಗಳ ಬದಲು ಮೂರೇ ತಿಂಗಳಿಗೆ ಮತ್ತೆ ಬರುವಂತೆ ಕಡತದಲ್ಲಿ ಬರೆದರು.